ಹಳೇ ಕಂಪ್ಯೂಟರಿಗೆ ವೇಗದ ನೆಟ್‌ವರ್ಕ್ ಹಾಕುವುದು ಹೇಗೆ? ಬಳ್ಳಾರಿಯ ಡಿಟಿಪಿ ಅಂಗಡಿಯಿಂದ ಗಂಗಾವತಿಯ ರೈಸ್‌ಮಿಲ್‌ವರೆಗೆ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಮಾವನ ಡಿಟಿಪಿ ಅಂಗಡಿ ಇದೆ. ಅದರ ಮೂಲೆಯಲ್ಲಿ ಒಂದು ಪೆಂಟಿಯಂ 2 ಕಂಪ್ಯೂಟರ್ ಇವತ್ತಿಗೂ ಓಡುತ್ತಿದೆ. ಅದರಲ್ಲಿರುವುದು ವಿಂಡೋಸ್ 98, ಪೇಜ್‌ಮೇಕರ್ ಮತ್ತು ಹಳೇ ಕನ್ನಡ ಫಾಂಟ್‌ಗಳು. ಹಿಂದುಗಡೆ ಪ್ರಿಂಟರ್ ಪೋರ್ಟಿಗೆ ಬೆರಳುದ್ದದ ಒಂದು ಲಾಕ್ ಸಿಕ್ಕಿಸಿದ್ದಾರೆ. ಅದನ್ನು ತೆಗೆದರೆ ಕನ್ನಡ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಊರಿನ ಎಷ್ಟೋ ಮನೆಗಳ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ ಅದರ ಹೊಟ್ಟೆಯಲ್ಲಿವೆ.

ಇನ್ನೊಂದು ಕಂಪ್ಯೂಟರ್ ಗಂಗಾವತಿಯ ಹತ್ತಿರ ಒಂದು ರೈಸ್‌ಮಿಲ್ಲಿನಲ್ಲಿದೆ. ಅದು 486, ಅಂದರೆ ಪೆಂಟಿಯಂಗಿಂತ ಹಿಂದಿನ ಪ್ರೊಸೆಸರಿನದು. ವಿಂಡೋಸ್‌ಗಿಂತ ಹಿಂದಿನ, ಆಜ್ಞೆ ಬರೆದು ಓಡಿಸುವ ಡಾಸ್‌ನಲ್ಲಿ ಓಡುವ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಪ್ರೋಗ್ರಾಂ ಅದರಲ್ಲಿದೆ. ಭತ್ತದ ಲಾರಿ ಬಂದು ನಿಂತರೆ ತೂಕ ನೇರವಾಗಿ ಸೀರಿಯಲ್ ಪೋರ್ಟಿನಿಂದ ಒಳಗೆ ಬರುತ್ತದೆ. ಮಿಲ್ಲಿನ ಯಜಮಾನರು ನನ್ನನ್ನು ಕರೆಸಿದಾಗ ಹೇಳಿದ್ದು ಒಂದೇ ಮಾತು: ‘ತಮ್ಮಾ, ಇದು ಕೆಟ್ರ ನನ್ನ ಲೆಕ್ಕಾನೇ ಹೋಗ್ತೈತಿ. ಮೊದ್ಲು ಅದನ್ನ ಹೊರಗ ತಗದುಕೊಡು.’

ಎರಡಕ್ಕೂ ನೆಟ್‌ವರ್ಕ್ ಹಾಕಿದ್ದು ನಾನೇ. ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಇಂಥ ಕಂಪ್ಯೂಟರ್ ಇದ್ದರೆ ನೀವೂ ಮಾಡಬಹುದು. ಒಂದು ಮಾತು ಮಾತ್ರ ಮೊದಲೇ ತಲೆಯಲ್ಲಿರಲಿ. ಕಂಪ್ಯೂಟರಿನೊಳಗೆ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡಿನ ಮೇಲೆ ಬರೆದ ವೇಗ ನಿಮಗೆ ಸಿಗುವುದಿಲ್ಲ. ಕಂಪ್ಯೂಟರಿನ ಸ್ಲಾಟು (ಕಾರ್ಡ್ ಸಿಕ್ಕಿಸುವ ಜಾಗ), ಪ್ರೊಸೆಸರ್, ಹಾರ್ಡ್‌ಡಿಸ್ಕ್ ಈ ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ಸಿಗುತ್ತದೆ. ಇದು ಗೊತ್ತಿಲ್ಲದೆ ನಾನು ಮಾವನ ಕಂಪ್ಯೂಟರಿಗೆ ಮೊದಲು ಗಿಗಾಬಿಟ್ (1000 ಮೆಗಾಬಿಟ್) ಕಾರ್ಡ್ ತಂದು ಹಾಕಿದ್ದೆ. ಆಮೇಲೆ ಮಾಮೂಲಿ 100 ಮೆಗಾಬಿಟ್ ಕಾರ್ಡ್ ಹಾಕಿ ನೋಡಿದೆ. ಫೈಲ್ ಕಾಪಿ ಆಗಲು ಹಿಡಿದ ಸಮಯ ಹೆಚ್ಚುಕಡಿಮೆ ಒಂದೇ ಇತ್ತು. ಡಿಸ್ಕ್ ಕೊಡುವಷ್ಟನ್ನೇ ತಾನೇ ಕಾರ್ಡು ಕಳಿಸುವುದು?

ಎಷ್ಟು ವೇಗ ಬೇಕು?

2 ಜಿಬಿ ಡಿಸ್ಕನ್ನು ಹೊರಗೆ ತೆಗೆಯಬೇಕು ಅಂದುಕೊಳ್ಳಿ. 1.44 ಎಂಬಿ ಫ್ಲಾಪಿಯಲ್ಲಾದರೆ ಸುಮಾರು 1,400 ಫ್ಲಾಪಿ ಬೇಕು. ಸೀರಿಯಲ್ ಕೇಬಲ್‌ನಲ್ಲಿ ಗರಿಷ್ಠ 1,15,200 ಬಿಟ್ ವೇಗ ಇಟ್ಟರೂ ಸೆಕೆಂಡಿಗೆ 11 ಕೆಬಿ ಬರುತ್ತದೆ. ಅಂದರೆ ಹಗಲು ರಾತ್ರಿ ಬಿಡದೆ ಓಡಿಸಿದರೂ ಎರಡು ದಿನಕ್ಕಿಂತ ಜಾಸ್ತಿ. 10 ಮೆಗಾಬಿಟ್ ಕಾರ್ಡಿನಲ್ಲಿ ಸೆಕೆಂಡಿಗೆ 500 ಕೆಬಿ ಸಿಕ್ಕರೂ ಸುಮಾರು ಒಂದು ತಾಸು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. 100 ಮೆಗಾಬಿಟ್ ಕಾರ್ಡಿನಲ್ಲಿ ಸೆಕೆಂಡಿಗೆ 5 ಎಂಬಿ ಬಂದರೆ ಏಳು ನಿಮಿಷ ಸಾಕು.

ಸೀರಿಯಲ್‌ನಿಂದ 10 ಮೆಗಾಬಿಟ್‌ಗೆ ಹೋಗುವುದೇ ದೊಡ್ಡ ಜಿಗಿತ. ಅದಾದ ಮೇಲಿನದು ಅನುಕೂಲ ಅಷ್ಟೇ. ಹಾಗಾಗಿ 486ಕ್ಕೆ 10 ಮೆಗಾಬಿಟ್ ಮಾತ್ರ ಸಿಕ್ಕಿತು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಡಬ್ಬ ಬಿಚ್ಚಿ ಸ್ಲಾಟ್ ನೋಡಿ

ಮೊದಲು ಪವರ್ ಕೇಬಲ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಎಟಿಎಕ್ಸ್ ಸಪ್ಲೈ ಇರುವ ಕಂಪ್ಯೂಟರ್ ಆಫ್ ಆಗಿದ್ದರೂ ಬೋರ್ಡಿಗೆ 5 ವೋಲ್ಟ್ ಹೋಗುತ್ತಲೇ ಇರುತ್ತದೆ. ಅದಕ್ಕಿಂತ ಹಳೆಯ ಎಟಿ ಡಬ್ಬಗಳಲ್ಲಿ ಮುಂದಿನ ಸ್ವಿಚ್ಚಿಗೇ 230 ವೋಲ್ಟ್ ತಂತಿ ಬಂದಿರುತ್ತದೆ. ಅಲ್ಲಿ ಕೈ ಹಾಕಲೇಬೇಡಿ.

ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಪೂರ್ತಿ ಒಣಗಿರುತ್ತದೆ. ಸ್ಟ್ಯಾಟಿಕ್ ಕರೆಂಟ್ ಚಿಪ್ಪನ್ನು ಸದ್ದಿಲ್ಲದೆ ಸುಡುತ್ತದೆ. ಕಾರ್ಡ್ ಮುಟ್ಟುವ ಮೊದಲು ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಈ ಕೆಲಸವನ್ನು ಬೆಳಗಿನ ಹೊತ್ತು, ಫ್ಯಾನ್ ಆರಿಸಿ ಮಾಡಿ. ಬಳ್ಳಾರಿ, ಸಂಡೂರಿನ ಕಡೆಯ ಕೆಂಪು ದೂಳು ಸ್ಲಾಟಿನೊಳಗೆ ಎಷ್ಟು ಕೂತಿರುತ್ತದೆ ಅಂದರೆ ಮೊದಲು ಬ್ರಶ್ಶಿನಿಂದ ಬಿಡಿಸಲೇಬೇಕು. ಆಮೇಲೆ ಬ್ಲೋಯರ್ ಹಿಡಿಯಿರಿ. ರೈಸ್‌ಮಿಲ್ಲಾದರೆ ತೌಡಿನ ಪುಡಿ. ಅದು ಜಿಡ್ಡು. ಬರೀ ಗಾಳಿಗೆ ಹೋಗುವುದಿಲ್ಲ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಬೇಕು.

ಬೋರ್ಡ್ ಮೇಲಿನ ಬ್ಯಾಟರಿಯನ್ನೂ ಈಗಲೇ ನೋಡಿ. ಗುಂಡಗೆ ನಾಣ್ಯದ ಹಾಗಿದ್ದರೆ ಹೊಸ ಸಿಆರ್2032 ಹಾಕಿಬಿಡಿ. ನೀಲಿ ಪೀಪಾಯಿಯ ಹಾಗಿದ್ದು ಸುತ್ತ ಹಸಿರು ಕಲೆ ಕಂಡರೆ ಅದು ಸೋರುತ್ತಿದೆ ಅಂತ ಅರ್ಥ. ಅದನ್ನು ತೆಗೆಸಿದ ಮೇಲೆಯೇ ಮುಂದಿನ ಕೆಲಸ. ಸೋರಿದ ನೀರು ಬೋರ್ಡಿನ ಗೆರೆಗಳನ್ನೇ ತಿಂದುಹಾಕುತ್ತದೆ. ಬ್ಯಾಟರಿ ತೆಗೆಯುವ ಮೊದಲು ಬಯಾಸ್‌ನಲ್ಲಿರುವ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಹಾರ್ಡ್‌ಡಿಸ್ಕ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. 486ರಲ್ಲಿ ಅವು ಅಳಿಸಿಹೋದರೆ ಡಿಸ್ಕೇ ಕಾಣುವುದಿಲ್ಲ.

ಈಗ ಸ್ಲಾಟು. ಕಪ್ಪು ಬಣ್ಣದ ಉದ್ದನೆಯದು ಐಎಸ್‌ಎ. ಅದರಲ್ಲಿ ಒಂದೇ ತುಂಡಿದ್ದರೆ 8 ಬಿಟ್, ಮುಂದೆ ಇನ್ನೊಂದು ಚಿಕ್ಕ ತುಂಡು ಸೇರಿದ್ದರೆ 16 ಬಿಟ್. ಬಿಳಿಯ, ಗಿಡ್ಡನೆಯ ಸ್ಲಾಟು ಪಿಸಿಐ. ಒಂದೇ ಒಂದು ಕಂದು ಸ್ಲಾಟ್ ಸ್ವಲ್ಪ ಒಳಗೆ ಸರಿದು ಕೂತಿದ್ದರೆ ಅದು ಎಜಿಪಿ, ಡಿಸ್‌ಪ್ಲೇ ಕಾರ್ಡಿನದು. ನೆಟ್‌ವರ್ಕಿಗೆ ಅದು ಬೇಡ.

ಐಎಸ್‌ಎ ಸುಮಾರು 8 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಲೆಕ್ಕಕ್ಕೆ ಸೆಕೆಂಡಿಗೆ 8 ಎಂಬಿ ಅಂದರೂ ಅದರ ಮೇಲಿನ ನೆಟ್‌ವರ್ಕ್ ಕಾರ್ಡ್ 2 ಎಂಬಿ ದಾಟುವುದು ಅಪರೂಪ. ಎಂಟು ಬಿಟ್ಟಿಗೆ ಒಂದು ಬೈಟ್ ಲೆಕ್ಕದಲ್ಲಿ 10 ಮೆಗಾಬಿಟ್ ಅಂದರೆ ಸೆಕೆಂಡಿಗೆ 1.25 ಎಂಬಿ. ಎರಡಕ್ಕೂ ಸರಿಯಾದ ಜೋಡಿ. 1992ರಲ್ಲಿ ಬಂದ ಪಿಸಿಐ ಸೆಕೆಂಡಿಗೆ 133 ಎಂಬಿವರೆಗೆ ಸಾಗಿಸುತ್ತದೆ. 100 ಮೆಗಾಬಿಟ್ ಕಾರ್ಡ್ ಕೇಳುವುದು 12.5 ಎಂಬಿ ಮಾತ್ರ. ಆದ್ದರಿಂದ ಪಿಸಿಐ ಸ್ಲಾಟ್ ಖಾಲಿ ಇದ್ದರೆ ಐಎಸ್‌ಎ ಕಾರ್ಡಿನ ಯೋಚನೆಯನ್ನೇ ಬಿಟ್ಟುಬಿಡಿ.

ಯಾವ ಕಾರ್ಡು ಹುಡುಕಬೇಕು?

ಪಿಸಿಐ ಇದ್ದರೆ ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡು. ಒಂದು ಕಾಲಕ್ಕೆ ಊರಿನ ಪ್ರತಿ ಸೈಬರ್ ಕೆಫೆಯಲ್ಲೂ ಇದೇ ಇರುತ್ತಿತ್ತು. ಹಳೇ ರಿಪೇರಿ ಅಂಗಡಿಯ ಡಬ್ಬಿಯಲ್ಲಿ, ಗುಜರಿಯಲ್ಲಿ ಈಗಲೂ ಸಿಗುತ್ತದೆ. ಡಾಸ್‌ನಿಂದ ಲಿನಕ್ಸ್‌ವರೆಗೆ ಎಲ್ಲಕ್ಕೂ ಡ್ರೈವರ್ (ಕಾರ್ಡನ್ನು ಓಡಿಸುವ ಪ್ರೋಗ್ರಾಂ) ಇದೆ. ಆದರೆ ಈ ಚಿಪ್ಪು ಪ್ರೊಸೆಸರಿಗೆ ಜಾಸ್ತಿ ಕೆಲಸ ಕೊಡುತ್ತದೆ. ಮೊದಲ ತಲೆಮಾರಿನ ಪೆಂಟಿಯಂ ಆದರೆ ಇಂಟೆಲ್ ಪ್ರೊ 100 ಅಥವಾ ತ್ರೀಕಾಮ್ 3ಸಿ905 ಸಿಕ್ಕರೆ ಅದನ್ನೇ ತಗೊಳ್ಳಿ. ಪ್ರೊಸೆಸರ್ ಹಗುರಾಗುತ್ತದೆ. ಬಳ್ಳಾರಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವವರ ಕೈಯಲ್ಲಿ ಹೇಳಿ ತರಿಸಿ.

ಗಿಗಾಬಿಟ್ ಬೇಕೇ ಬೇಕು ಅಂದರೆ ಪೆಂಟಿಯಂ 3ರ ಕೊನೆಯ ಮಾದರಿಗಳಿಂದ ಮೇಲಕ್ಕೆ ಸ್ವಲ್ಪ ಅರ್ಥವಿದೆ. ರಿಯಲ್‌ಟೆಕ್ 8169 ಚಿಪ್ಪಿಗೆ ವಿಂಡೋಸ್ 98ರ ಡ್ರೈವರ್ ಇದೆ. ಆಗಲೂ ಪೂರ್ತಿ ವೇಗ ಸಿಗುವುದಿಲ್ಲ. ಡಿಸ್ಕು, ಸೌಂಡು ಎಲ್ಲವೂ ಅದೇ ಪಿಸಿಐಯನ್ನು ಹಂಚಿಕೊಳ್ಳಬೇಕಲ್ವಾ?

ಐಎಸ್‌ಎ ಮಾತ್ರ ಇದ್ದರೆ ಎರಡು ಹೆಸರು ನೆನಪಿಡಿ. ಒಂದು ತ್ರೀಕಾಮ್ 3ಸಿ509ಬಿ. ಇನ್ನೊಂದು ‘ಎನ್‌ಇ2000 ಕಂಪ್ಯಾಟಿಬಲ್’ ಅಂತ ಬರೆದಿರುವ ಯಾವುದೇ ಕಾರ್ಡು. ಎನ್‌ಇ2000 ನೊವೆಲ್ ಕಂಪನಿಯ ಹಳೇ ವಿನ್ಯಾಸ. ಹತ್ತಾರು ಕಂಪನಿಗಳು ಅದನ್ನೇ ನಕಲು ಮಾಡಿದವು. ರಿಯಲ್‌ಟೆಕ್ 8019 ಚಿಪ್ಪಿನವು ಹೆಚ್ಚು ಸಿಗುತ್ತವೆ. ಐಎಸ್‌ಎಗೆ 100 ಮೆಗಾಬಿಟ್ ಕಾರ್ಡೂ ಇತ್ತು, ತ್ರೀಕಾಮ್ 3ಸಿ515. ಅಪರೂಪದ್ದು, ಸಂಗ್ರಹ ಮಾಡುವವರಿಗೆ ಖುಷಿ ಕೊಡುತ್ತದೆ. ಕೆಲಸಕ್ಕೆ ಅಂತ ಅದನ್ನು ಹುಡುಕಿಕೊಂಡು ಅಲೆಯಬೇಡಿ.

ಕೊಳ್ಳುವಾಗ ಕಾರ್ಡಿನ ಬಾಯಿ ನೋಡಿ. ಟಿವಿ ಕೇಬಲ್ ಸಿಕ್ಕಿಸುವಂಥ ಗುಂಡನೆಯ ಬಾಯಿ ಮಾತ್ರ ಇದ್ದರೆ ಅದು ಕೋಆಕ್ಸ್ ಕೇಬಲ್ಲಿನದು, ಈಗಿನ ನೆಟ್‌ವರ್ಕ್ ಸ್ವಿಚ್ಚಿಗೆ (ಕಂಪ್ಯೂಟರುಗಳ ಕೇಬಲ್ಲುಗಳನ್ನು ಜೋಡಿಸುವ ಪೆಟ್ಟಿಗೆ) ಕೂಡುವುದಿಲ್ಲ. ಚೌಕನೆಯ ಆರ್‌ಜೆ45 ಬಾಯಿ ಇರಲೇಬೇಕು.

ಐಎಸ್‌ಎ ಕಾರ್ಡಿಗೆ ಜಾಗ ಗುರುತಿಸುವುದು

ಎಲ್ಲರೂ ಸೋಲುವುದು ಇಲ್ಲೇ. ಪಿಸಿಐ ಕಾರ್ಡ್ ತನಗೆ ಬೇಕಾದ್ದನ್ನು ತಾನೇ ಕೇಳಿ ಪಡೆಯುತ್ತದೆ. ಐಎಸ್‌ಎಗೆ ನಾವೇ ಹೇಳಬೇಕು. ಹೇಳಬೇಕಾದ್ದು ಎರಡು: ಐಆರ್‌ಕ್ಯೂ ಸಂಖ್ಯೆ ಮತ್ತು ಐಒ ವಿಳಾಸ.

ಐಆರ್‌ಕ್ಯೂ ಅಂದರೆ ಕಾರ್ಡು ಪ್ರೊಸೆಸರನ್ನು ಕರೆಯುವ ಗಂಟೆ. ಒಂದೇ ಗಂಟೆಯನ್ನು ಇಬ್ಬರು ಬಾರಿಸಿದರೆ ಗೊಂದಲ. ನಾಲ್ಕನೇ ಸಂಖ್ಯೆ ಮೊದಲ ಸೀರಿಯಲ್ ಪೋರ್ಟಿನದು, ಮೂರನೆಯದು ಎರಡನೇ ಸೀರಿಯಲ್ ಪೋರ್ಟಿನದು. ಮಿಲ್ಲಿನ ತೂಕ ಬರುವುದೇ ಸೀರಿಯಲ್ ಪೋರ್ಟಿನಿಂದ. ಆದ್ದರಿಂದ ಅಲ್ಲಿ ಈ ಎರಡನ್ನೂ ಮುಟ್ಟಲೇಬಾರದು. ಏಳನೆಯದು ಪ್ರಿಂಟರ್ ಪೋರ್ಟಿನದು. ಮಾವನ ಅಂಗಡಿಯ ಫಾಂಟ್ ಲಾಕ್ ಆ ಪೋರ್ಟಿನಲ್ಲಿದೆ. ಐದನೆಯದರಲ್ಲಿ ಸಾಮಾನ್ಯವಾಗಿ ಸೌಂಡ್ ಕಾರ್ಡ್ ಕೂತಿರುತ್ತದೆ. 10 ಅಥವಾ 11 ಹೆಚ್ಚಾಗಿ ಖಾಲಿ ಇರುತ್ತವೆ. ನಾನು ಯಾವಾಗಲೂ 10ರಿಂದ ಶುರುಮಾಡುತ್ತೇನೆ. 8 ಬಿಟ್ ಸ್ಲಾಟಿನಲ್ಲಿ 10, 11 ಇರುವುದೇ ಇಲ್ಲ. ಅಲ್ಲಿ 5 ಖಾಲಿ ಇದೆಯಾ ನೋಡಿ.

ಐಒ ವಿಳಾಸ ಅಂದರೆ ಪ್ರೊಸೆಸರ್ ಕಾರ್ಡನ್ನು ಹುಡುಕುವ ಮನೆ ನಂಬರು. ಅದಕ್ಕೆ ಹೆಕ್ಸ್ ಲೆಕ್ಕದ (ಹತ್ತರ ಬದಲು ಹದಿನಾರರ ಲೆಕ್ಕ) 300 ಇಡಿ. ಎನ್‌ಇ2000 ಅಲ್ಲಿಂದ 31ಎಫ್‌ವರೆಗೆ 32 ಮನೆಗಳನ್ನು ಹಿಡಿಯುತ್ತದೆ. ಸೌಂಡ್ ಕಾರ್ಡ್ 220ರಲ್ಲೂ 330ರಲ್ಲೂ ಇರುವುದರಿಂದ ಜಗಳ ಬರುವುದಿಲ್ಲ.

ಇನ್ನೂ ಹಳೇ ಕಾರ್ಡುಗಳಲ್ಲಿ ಈ ಸಂಖ್ಯೆಗಳನ್ನು ಜಂಪರ್ (ಪಿನ್ನುಗಳ ಮೇಲೆ ಕೂರುವ ಚಿಕ್ಕ ಕ್ಲಿಪ್ಪು) ಕಿತ್ತು ಹಾಕಿ ಬದಲಿಸಬೇಕು. 3ಸಿ509ಬಿ ಮತ್ತು 8019 ಕಾರ್ಡುಗಳಿಗೆ ಕಂಪನಿಯವರೇ ಕೊಟ್ಟ ಡಾಸ್ ಸೆಟಪ್ ಪ್ರೋಗ್ರಾಂ ಇದೆ. ಅದನ್ನು ಓಡಿಸಿ ಸಂಖ್ಯೆ ಕೂರಿಸಿದರೆ ಕಾರ್ಡಿನಲ್ಲೇ ಉಳಿಯುತ್ತದೆ. ಅದೇ ಪ್ರೋಗ್ರಾಂನಲ್ಲಿ ‘ಪ್ಲಗ್ ಅಂಡ್ ಪ್ಲೇ’ (ಸಂಖ್ಯೆಗಳನ್ನು ತಾನೇ ಹಂಚುವ ವ್ಯವಸ್ಥೆ) ಆಫ್ ಮಾಡಿಬಿಡಿ. ಡಾಸ್‌ನಲ್ಲಿ ಅದರಿಂದ ತೊಂದರೆಯೇ ಹೆಚ್ಚು. ಕಾರ್ಡು ಕಾಣಿಸುತ್ತಲೇ ಇಲ್ಲ ಅಂದರೆ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಒತ್ತಿ ಕೂರಿಸಿ. ಹತ್ತರಲ್ಲಿ ನಾಲ್ಕು ಸಲ ಅಷ್ಟಕ್ಕೇ ಸರಿಹೋಗಿದ್ದನ್ನು ನೋಡಿದ್ದೇನೆ.

ಕೇಬಲ್ಲು, ಸ್ವಿಚ್ಚು

ಕ್ಯಾಟ್ 5ಇ ಕೇಬಲ್ ಸಾಕು. ನೀವೇ ತುದಿಗೆ ಪ್ಲಗ್ ಒತ್ತಿ ಕ್ರಿಂಪ್ ಮಾಡುವುದಾದರೆ ಎರಡೂ ತುದಿಗೆ ಒಂದೇ ಸಾಲು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. 10 ಮತ್ತು 100 ಮೆಗಾಬಿಟ್‌ಗೆ ಬಳಕೆಯಾಗುವುದು 1, 2, 3, 6ನೇ ತಂತಿಗಳು ಮಾತ್ರ.

ಮಾಮೂಲಿ 10/100/1000 ಸ್ವಿಚ್ಚು ಹಳೇ ಕಾರ್ಡನ್ನು ತಾನೇ ಗುರುತು ಹಿಡಿಯುತ್ತದೆ. ಆದರೆ ಈಗ ಬರುವ 2.5 ಗಿಗಾಬಿಟ್ ಪೋರ್ಟುಗಳಲ್ಲಿ ಕೆಲವು 10 ಮೆಗಾಬಿಟ್ಟನ್ನು ಕೈಬಿಟ್ಟಿವೆ. ದೀಪವೇ ಹತ್ತಲಿಲ್ಲ ಅಂದರೆ ನಡುವೆ ಒಂದು ಹಳೇ 100 ಮೆಗಾಬಿಟ್ ಸ್ವಿಚ್ ಇಡಿ. ಡ್ರೈವರಿನಲ್ಲಿ ‘ಫುಲ್ ಡ್ಯೂಪ್ಲೆಕ್ಸ್’ (ಒಂದೇ ಹೊತ್ತಿಗೆ ಕಳಿಸುವುದೂ ಪಡೆಯುವುದೂ) ಅಂತ ಬಲವಂತ ಮಾಡಬೇಡಿ, ‘ಆಟೋ’ ಬಿಡಿ. ಒಂದು ಕಡೆ ಬಲವಂತ, ಇನ್ನೊಂದು ಕಡೆ ಆಟೋ ಇದ್ದರೆ ಸಂಪರ್ಕ ಇದೆ ಅಂತ ತೋರಿಸುತ್ತದೆ, ಫೈಲ್ ಮಾತ್ರ ಆಮೆಯ ಹಾಗೆ ಹೋಗುತ್ತದೆ.

ವಿಂಡೋಸ್ 98ರಲ್ಲಿ

ಕಾರ್ಡ್ ಸಿಕ್ಕಿಸಿ ಆನ್ ಮಾಡಿದ ತಕ್ಷಣ ಅದು ವಿಂಡೋಸ್ ಸಿಡಿ ಕೇಳುತ್ತದೆ. ಸಿಡಿ ಡ್ರೈವ್ ಕೆಟ್ಟಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಆದ್ದರಿಂದ ಸಿಡಿಯಲ್ಲಿರುವ ‘ವಿನ್98’ ಫೋಲ್ಡರನ್ನು ಮೊದಲೇ ಹಾರ್ಡ್‌ಡಿಸ್ಕಿಗೆ ಹಾಕಿಟ್ಟುಕೊಳ್ಳಿ. ಕಾರ್ಡಿನ ಡ್ರೈವರನ್ನೂ ಹೊಸ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಸಿಡಿಗೆ ಬರೆದು ತನ್ನಿ. ಪೆನ್‌ಡ್ರೈವ್ ವಿಂಡೋಸ್ 98ರಲ್ಲಿ ಹಾಗೇ ಓಡುವುದಿಲ್ಲ, ಅದಕ್ಕೂ ಬೇರೆ ಡ್ರೈವರ್ ಬೇಕು.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ತೆರೆಯಿರಿ. ಟಿಸಿಪಿ ಐಪಿ (ಕಂಪ್ಯೂಟರುಗಳು ನೆಟ್‌ವರ್ಕಿನಲ್ಲಿ ಮಾತಾಡುವ ಪದ್ಧತಿ) ಇದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ. ಐಪಿ ವಿಳಾಸವನ್ನು ಕೈಯಾರೆ ಕೊಡಿ. ನಿಮ್ಮ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.50, ಮಾಸ್ಕ್ 255.255.255.0. ಆ ಸಂಖ್ಯೆ ಬೇರೆ ಯಾವುದಕ್ಕೂ ಹೋಗದಂತೆ ರೌಟರಿನಲ್ಲಿ ನೋಡಿಕೊಳ್ಳಿ. ಗೇಟ್‌ವೇ ಜಾಗ ಖಾಲಿ ಬಿಡಿ. ಇದು ಮರೆವಲ್ಲ, ಬೇಕೆಂದೇ ಹೇಳುತ್ತಿದ್ದೇನೆ. ಗೇಟ್‌ವೇ ಇಲ್ಲದ ಕಂಪ್ಯೂಟರ್ ನಿಮ್ಮ ಅಂಗಡಿಯೊಳಗಿನ ಬೇರೆ ಕಂಪ್ಯೂಟರುಗಳ ಜೊತೆ ಮಾತಾಡುತ್ತದೆ, ಇಂಟರ್‌ನೆಟ್ಟಿಗೆ ಹೋಗುವುದಿಲ್ಲ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ರಕ್ಷಣೆ ಕೊಡುವುದನ್ನು ನಿಲ್ಲಿಸಿದ್ದು 2006ರ ಜುಲೈನಲ್ಲಿ. ಅಂಥದ್ದನ್ನು ಹೊರಗೆ ಬಿಡುವುದು ಬೇಡ. ಬಿಟ್ಟರೂ ಅದರ ಬ್ರೌಸರಿನಲ್ಲಿ ಈಗಿನ ಸೈಟುಗಳು ತೆರೆಯುವುದಿಲ್ಲ.

ಡಾಸ್ ಕಿಟಕಿಯಲ್ಲಿ ‘ಪಿಂಗ್’ ಬರೆದು ಹೊಸ ಕಂಪ್ಯೂಟರಿನ ವಿಳಾಸ ಕೊಡಿ. ಉತ್ತರ ಬಂದರೆ ಅರ್ಧ ಗೆದ್ದ ಹಾಗೆ. ಬರದಿದ್ದರೆ ಹೊಸ ಕಂಪ್ಯೂಟರಿನ ಫೈರ್‌ವಾಲ್ ತಡೆಯುತ್ತಿರಬಹುದು. ಅದನ್ನೇ ಮೊದಲು ನೋಡಿ. ಹಳೇ ಪೆಟ್ಟಿಗೆಯನ್ನು ಸುಮ್ನೆ ಬಿಚ್ಚಬೇಡಿ.

ವೇಗಕ್ಕೆ ಇನ್ನೆರಡು ಕೆಲಸ. ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ಡಿಸ್ಕಿನ ಪ್ರಾಪರ್ಟೀಸ್ ತೆರೆದು ‘ಡಿಎಂಎ’ಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ. ಮಾವನ ಕಂಪ್ಯೂಟರಿನಲ್ಲಿ ಇದೊಂದು ಟಿಕ್ ಕೊಟ್ಟ ಲಾಭ ಆ ಗಿಗಾಬಿಟ್ ಕಾರ್ಡಿನಿಂದ ಬರಲಿಲ್ಲ. ಡಿಎಂಎ ಇಲ್ಲದಿದ್ದರೆ ಪ್ರತಿ ಬೈಟನ್ನೂ ಪ್ರೊಸೆಸರೇ ಹೊತ್ತು ಸಾಗಿಸುತ್ತದೆ. ಎರಡನೆಯದು, ಫೈಲ್ ಕಳಿಸುವಾಗ ಬೇರೆ ಎಲ್ಲ ಪ್ರೋಗ್ರಾಂ ಮುಚ್ಚಿಬಿಡಿ.

ಡಾಸ್‌ನಲ್ಲಿ

ಇಲ್ಲಿ ಎರಡು ವಸ್ತು ಬೇಕು. ಒಂದು ಕಾರ್ಡಿನ ಪ್ಯಾಕೆಟ್ ಡ್ರೈವರ್, ಅಂದರೆ ಡಾಸ್‌ನಲ್ಲಿ ಕಾರ್ಡನ್ನು ಓಡಿಸುವ ಡ್ರೈವರ್. ಇನ್ನೊಂದು ‘ಎಂಟಿಸಿಪಿ’ ಎಂಬ ಉಚಿತ ಪ್ರೋಗ್ರಾಂಗಳ ಗುಂಪು. ಪಿಂಗ್, ಎಫ್‌ಟಿಪಿ (ಫೈಲ್ ಕಳಿಸುವ ಪದ್ಧತಿ), ಎಫ್‌ಟಿಪಿ ಸರ್ವರ್ ಎಲ್ಲವೂ ಅದರಲ್ಲಿವೆ. 486ಕ್ಕಿಂತ ಎಷ್ಟೋ ಹಳೆಯ 8088 ಪ್ರೊಸೆಸರಿನಲ್ಲೂ ಓಡುತ್ತದೆ. ಇಂಥ ಅಚ್ಚುಕಟ್ಟಾದ ಕೆಲಸವನ್ನು ಉಚಿತವಾಗಿ ಕೊಟ್ಟವರಿಗೆ ನಾನು ನಿಜವಾಗಿಯೂ ಋಣಿ.

ಮೊದಲು ಪ್ಯಾಕೆಟ್ ಡ್ರೈವರನ್ನು ಅದರ ಹೆಸರಿನಿಂದ ಕರೆದು, ಹಿಂದೆ ಮೂರು ಸಂಖ್ಯೆ ಕೊಡಬೇಕು. ಎನ್‌ಇ2000 ಡ್ರೈವರಿನಲ್ಲಿ ಆ ಸಾಲು ಹೀಗಿದೆ: ಸಾಫ್ಟ್‌ವೇರ್ ಇಂಟರಪ್ಟ್ ಹೆಕ್ಸ್ 60, ಐಆರ್‌ಕ್ಯೂ 10, ಐಒ ವಿಳಾಸ ಹೆಕ್ಸ್ 300. ಹೆಕ್ಸ್ ಸಂಖ್ಯೆಯ ಮುಂದೆ ಸೊನ್ನೆ ಮತ್ತು ಎಕ್ಸ್ ಅಕ್ಷರ ಸೇರಿಸುವುದನ್ನು ಮರೆಯಬೇಡಿ. ಕಾರ್ಡಿನ ವಿಳಾಸ ತೆರೆಯ ಮೇಲೆ ಬಂದರೆ ಡ್ರೈವರ್ ಕೂತಿತು. ಎಂಟಿಸಿಪಿಯ ಕಾನ್ಫಿಗ್ ಫೈಲ್‌ನಲ್ಲೂ ಅದೇ 60ನ್ನು ಬರೆದು, ಐಪಿ ವಿಳಾಸ ಕೊಡಿ.

ಹಳೇ ಲೆಕ್ಕದ ಪ್ರೋಗ್ರಾಂಗಳಿಗೆ ಡಾಸ್‌ನ 640 ಕೆಬಿಯಲ್ಲಿ ಪ್ರತಿ ಕೆಬಿಯೂ ಬೇಕು. ಡ್ರೈವರ್ ಅಲ್ಲಿ ಕೂತರೆ ‘ಮೆಮೊರಿ ಸಾಲದು’ ಅಂತ ನಿಲ್ಲಬಹುದು. ಅದಕ್ಕೇ ಮಿಲ್ಲಿನ 486ರಲ್ಲಿ ಆನ್ ಆದಾಗ ತಾನೇ ಓಡುವ ಆಟೋಎಕ್ಸೆಕ್ ಫೈಲಿಗೆ ನಾನು ಏನೂ ಸೇರಿಸಲಿಲ್ಲ. ‘ನೆಟ್’ ಅಂತ ಬೇರೆ ಬ್ಯಾಚ್ ಫೈಲ್ (ಒಂದಾದ ಮೇಲೊಂದು ಓಡುವ ಆಜ್ಞೆಗಳ ಪಟ್ಟಿ) ಮಾಡಿಕೊಟ್ಟೆ. ಸಂಜೆ ಕೊನೆಯ ಲಾರಿ ಹೋದ ಮೇಲೆ ವೇಬ್ರಿಡ್ಜ್ ಪ್ರೋಗ್ರಾಂ ಮುಚ್ಚಿ ಅದನ್ನು ಒತ್ತುತ್ತಾರೆ. ಪ್ರೋಗ್ರಾಂ ತೆರೆದಿರುವಾಗ ಡೇಟಾ ಫೈಲನ್ನು ಕಾಪಿ ಮಾಡಲೇಬಾರದು. ಅರ್ಧ ಬರೆದ ಲೆಕ್ಕ ಬರುತ್ತದೆ. ಅಲ್ಲಿಯ ಫೈಲುಗಳು ಡಿಬಿಎಫ್ ಎಂಬ ಹಳೇ ಡೇಟಾಬೇಸ್ ಮಾದರಿಯವು. ಹೊಸ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್ ಅವನ್ನು ನೇರವಾಗಿ ತೆರೆಯುತ್ತದೆ. ಮೊದಲ ಸಲ ತೆರೆದಾಗ ಯಜಮಾನರು ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಸಾಲು ಓದಿದರು.

ಫೈಲ್ ಸಾಗಿಸುವುದು

ವಿಂಡೋಸ್‌ನ ಫೋಲ್ಡರ್ ಶೇರಿಂಗ್ ನಂಬಿಕೊಳ್ಳಬೇಡಿ. ಹಳೇ ವಿಂಡೋಸ್‌ಗೆ ಗೊತ್ತಿರುವುದು ಎಸ್‌ಎಂಬಿ ಎಂಬ ಶೇರಿಂಗ್ ಪದ್ಧತಿಯ ಮೊದಲ ಆವೃತ್ತಿ. 2017ರಿಂದ ಹೊಸ ವಿಂಡೋಸ್ 10ರಲ್ಲಿ ಅದು ಮೊದಲಿನಿಂದಲೇ ಆಫ್ ಆಗಿ ಬರುತ್ತದೆ. ಆನ್ ಮಾಡಬಹುದು, ಆದರೆ ಅದರಲ್ಲಿ ಭದ್ರತೆಯ ತೂತುಗಳಿವೆ. ಎಫ್‌ಟಿಪಿಯೇ ಸುಲಭ. ಹೊಸ ಕಂಪ್ಯೂಟರಿನಲ್ಲೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೋ ಎಫ್‌ಟಿಪಿ ಸರ್ವರ್ ಹಾಕಿ, ಹಳೆಯದರಿಂದ ಕಳಿಸಿ.

ಕಳಿಸುವ ಮೊದಲು ‘ಬೈನರಿ’ ಅಂತ ಆಜ್ಞೆ ಕೊಡಿ. ವಿಂಡೋಸ್‌ನ ಎಫ್‌ಟಿಪಿ ಪ್ರೋಗ್ರಾಂ ಶುರುವಾಗುವುದೇ ‘ಆಸ್ಕಿ’ (ಬರೀ ಪಠ್ಯದ) ಕ್ರಮದಲ್ಲಿ. ಲಿನಕ್ಸಿಗೆ ಕಳಿಸುವಾಗ ಅದು ಸಾಲಿನ ಕೊನೆಯ ಗುರುತುಗಳನ್ನು ಬದಲಿಸಿಬಿಡುತ್ತದೆ. ಬರೀ ಪಠ್ಯಕ್ಕೆ ತೊಂದರೆ ಇಲ್ಲ. ಪೇಜ್‌ಮೇಕರ್ ಫೈಲು, ಫಾಂಟು, ಫೋಟೋ ಎಲ್ಲ ಹಾಳು. ನಾನು ಒಂದು ಇಡೀ ಫೋಲ್ಡರನ್ನು ಹೀಗೆ ಕಳಿಸಿ, ತೆರೆಯದೆ, ಮತ್ತೆ ಮೊದಲಿನಿಂದ ಕಳಿಸಬೇಕಾಯಿತು. ಅಸಲು ಫೈಲುಗಳನ್ನು ಅಳಿಸಿರಲಿಲ್ಲ ಅನ್ನುವುದೇ ಸಮಾಧಾನ. ಕಾಪಿ ಆದ ಮೇಲೆ ಎರಡೂ ಕಡೆ ಬೈಟ್ ಲೆಕ್ಕ ತಾಳೆ ನೋಡಿ, ನಾಲ್ಕಾರು ಫೈಲ್ ತೆರೆದು ನೋಡಿ, ಆಮೇಲೆ ಮುಂದಿನದು.

ಒಂದು ಮಾತು ಡಿಟಿಪಿಯವರಿಗೆ. ಹೊರಗೆ ಬಂದ ಹಳೇ ಕನ್ನಡ ಪಠ್ಯ ಯೂನಿಕೋಡ್ (ಈಗಿನ ಕಂಪ್ಯೂಟರುಗಳು ಬಳಸುವ ಅಕ್ಷರ ಪದ್ಧತಿ) ಅಲ್ಲ. ಹೊಸ ಕಂಪ್ಯೂಟರಿನಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳಾಗಿ ಕಂಡರೆ ಫೈಲ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ನುಡಿ, ಬರಹದ ಹಳೇ ಅಕ್ಷರಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳಿವೆ. ಬೇರೆ ಕಂಪನಿಯ ಫಾಂಟ್ ಆದರೆ ಯಾವ ಫಾಂಟ್ ಅನ್ನುವುದನ್ನು ಫೈಲ್ ಜೊತೆಗೇ ಬರೆದಿಡಿ.

ಸ್ಲಾಟೇ ಇಲ್ಲದಿದ್ದರೆ

ಹಳೇ ಲ್ಯಾಪ್‌ಟಾಪಿಗೆ ಪಕ್ಕದಲ್ಲಿ ಚಪ್ಪಟೆ ಕಾರ್ಡ್ ಸಿಕ್ಕಿಸುವ ಪಿಸಿಎಂಸಿಐಎ ಬಾಯಿ ಇರುತ್ತದೆ. ನೆಟ್‌ವರ್ಕ್ ಕಾರ್ಡನ್ನು ಅಲ್ಲೇ ಹಾಕಬೇಕು. ಕಾರ್ಡಿನ ಅಂಚಿನಲ್ಲಿ ಉಬ್ಬುಗಳಿರುವ ಚಿನ್ನದ ಬಣ್ಣದ ಪಟ್ಟಿ ಇದ್ದರೆ ಅದು 32 ಬಿಟ್‌ನ ಕಾರ್ಡ್‌ಬಸ್ ಕಾರ್ಡು, 16 ಬಿಟ್ ಬಾಯಿಗೆ ಹೋಗುವುದಿಲ್ಲ. ಒತ್ತಿ ನೂಕಬೇಡಿ.

ವೈಫೈ ಬೇಕು ಅನ್ನುವವರು ಹಳೇ ಕಂಪ್ಯೂಟರಿಗೆ ವೈಫೈ ಕಾರ್ಡ್ ಹುಡುಕುವುದು ವ್ಯರ್ಥ. ಅವುಗಳಲ್ಲಿ ಹೆಚ್ಚಿನವಕ್ಕೆ ಈಗಿನ ಪಾಸ್‌ವರ್ಡ್ ಪದ್ಧತಿ ಗೊತ್ತಿಲ್ಲ. ಮನೆಯಲ್ಲಿ ಬಿದ್ದಿರುವ ಹಳೇ ರೌಟರನ್ನು ‘ಕ್ಲೈಂಟ್’ ಅಥವಾ ‘ಬ್ರಿಡ್ಜ್’ ಕ್ರಮಕ್ಕೆ ಹಾಕಿ, ಅದರಿಂದ ಗೇಣುದ್ದದ ಕೇಬಲ್ ಕಂಪ್ಯೂಟರಿಗೆ ಕೊಡಿ. ಕಂಪ್ಯೂಟರಿಗೆ ಅದು ಬರೀ ಕೇಬಲ್ಲು. ಮಿಲ್ಲಿನಲ್ಲಿ ವೇಬ್ರಿಡ್ಜ್ ಕೋಣೆಗೂ ಆಫೀಸಿಗೂ ನಡುವೆ ಲಾರಿ ಓಡಾಡುವ ಅಂಗಳ ಇದೆ. ಕೇಬಲ್ ಎಳೆಯಲಾಗದೆ ಹೀಗೇ ಮಾಡಿದ್ದು.

ಎಲ್ಲ ಮುಗಿದ ಮೇಲೆ ಐಆರ್‌ಕ್ಯೂ, ಐಒ ವಿಳಾಸ, ಐಪಿ, ಕಾರ್ಡಿನ ಹೆಸರು, ಡ್ರೈವರ್ ಇಟ್ಟ ಫೋಲ್ಡರ್ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಡಬ್ಬದ ಮುಚ್ಚಳದ ಒಳಗಡೆ ಅಂಟಿಸಿ. ಬಾಲ್‌ಪೆನ್ನಿನಲ್ಲೇ ಬರೆಯಿರಿ. ಜೆಲ್ ಪೆನ್ ನಮ್ಮ ಬೇಸಿಗೆಯ ಬೆವರುಗೈಗೆ ಒರೆಸಿಹೋಗುತ್ತದೆ.